ಮಾವನ ಹಡಗಿನ ಕಾರ್ಡು

ಬಿಸಿಲು ಇಳಿದು, ಎದುರಿನ ಎಸ್ಟೇಟಿನ ಸಿಲ್ವರ್ ಓಕ್ ಮರಗಳ ನೆರಳು ನಮ್ಮ ಅಂಗಳಕ್ಕೆ ಬಂದು ಬಿತ್ತೆಂದರೆ ಮಾವನಿಗೆ ಶುರುವಾಗುತ್ತಿತ್ತು. ಕುಳಿತಿದ್ದವರು ಏಳುತ್ತಿದ್ದರು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಳ್ಳುತ್ತಿದ್ದರು. ಕೋಣೆಗೆ ಹೋಗಿ ಒಂದು ಟವೆಲ್ಲು, ಸೋಪಿನ ಡಬ್ಬಿ, ಕೈಗೆ ಸಿಕ್ಕಿದ ಯಾವುದಾದರೂ ಬಟ್ಟೆ, ಕೆಲವೊಮ್ಮೆ ನನ್ನ ಸೀರೆಯನ್ನೇ ಮಡಿಸಿ ಚೀಲಕ್ಕೆ ತುರುಕಿ, ಶೂ ಹಾಕಿಕೊಂಡು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು.

"ಮಗಾ, ಟೈಮಾಯ್ತು. ಹಡಗು ಹೊರಡ್ತದೆ."

ಸುಂಟಿಕೊಪ್ಪದಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೋ, ಕೇರಳದ ಕಡೆಗೋ ಹೋಗಬೇಕು. ನಾನು ಹುಟ್ಟಿದ್ದು ಕುಶಾಲನಗರದ ಹತ್ತಿರ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಜಮೀನು ಮಾಡಿದವರು. ನಮ್ಮ ಮನೆತನದಲ್ಲಿ ಯಾರೂ ಹಡಗು ಹತ್ತಿದವರಲ್ಲ. ನಾನಂತೂ ಶಾಲೆಯ ಟೂರಿನಲ್ಲಿ ಸಮುದ್ರ ಕಂಡು, ಮೊಣಕಾಲುದ್ದ ನೀರಿಗೆ ಇಳಿದು, ಕಾಲಡಿಯ ಮರಳು ಸರಿದಾಗ ಕಿರುಚಿಕೊಂಡು ಓಡಿಬಂದವಳು. ಅಂಥವಳ ಕಪಾಟಿನಲ್ಲಿ ಇವತ್ತು, ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗುಗಳ ಪೋಸ್ಟ್ ಕಾರ್ಡುಗಳು ಒಂದು ದೊಡ್ಡ ಬಿಸ್ಕತ್ ಡಬ್ಬಿಯ ತುಂಬ ಇವೆ. ಯಾಕೆ ಅಂತ ಕೇಳಿದವರಿಗೆಲ್ಲ "ಸುಮ್ಮನೆ, ಹವ್ಯಾಸ" ಎನ್ನುತ್ತೇನೆ. ನಿಜ ಹೇಳಲು ಹೋದರೆ ಕಥೆ ಉದ್ದ.

ಮಾವ ಸೇನೆಯಲ್ಲಿ ಲಾರಿ ಓಡಿಸುತ್ತಿದ್ದವರು. ಮೀಸೆ ಚಿಗುರಿದ ವಯಸ್ಸಿನಲ್ಲೇ ನೀಲಿ ಟೋಪಿ ಹಾಕಿಸಿ ಅವರನ್ನು ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಗಾಜಾಕ್ಕೆ ಕಳಿಸಿದ್ದರು. ಮುಂಬಯಿಯಿಂದ ಹಡಗು, ಈಜಿಪ್ತಿನ ಪೋರ್ಟ್ ಸೈದ್‌ನಲ್ಲಿ ಇಳಿದು ಮರಳುಗಾಡಿನ ದಾರಿ. ನಾನು ಸೊಸೆಯಾಗಿ ಬಂದಾಗ ಅವರು ಪಿಂಚಣಿದಾರರು, ಸ್ವಂತದ ಚೂರು ಕಾಫಿ ತೋಟ, ಅಂಚಿಗೆ ಕಿತ್ತಳೆ ಗಿಡ. ಗಾಜಾದ ಮಾತು ಬಂದರೆ ಕಿತ್ತಳೆಯದ್ದೇ ಹೇಳುತ್ತಿದ್ದರು. "ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ. ಅಲ್ಲಿದ್ದು ಬಿಗಿ. ಆದರೆ ರಸ ಅಂದರೆ ರಸ." ಅಷ್ಟೇ. ಅತ್ತೆ ತೀರಿಕೊಂಡ ಮೇಲೆ ಅದೂ ಕಡಿಮೆಯಾಯಿತು. ನಮ್ಮ ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆ ಹೋದರೆ ಕಾಫಿ ಹಣ್ಣು ಕೀಳುವ ಕಾಲದಲ್ಲಿ ಕತ್ತಲಾದ ಮೇಲೇ ಬರುವುದು. ನನ್ನದು ಬಸ್ ನಿಲ್ಲುವ ಜಾಗದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಆಧಾರ್ ಪ್ರಿಂಟು, ಪಹಣಿ ನಕಲು, ಫೋಟೋ ಲ್ಯಾಮಿನೇಷನ್.

ಮಾವನ ಮರೆವು ಮೊದಮೊದಲು ಎಲ್ಲ ಮುದುಕರದ್ದೂ ಇದ್ದ ಹಾಗೇ ಇತ್ತು. ಊಟ ಮಾಡಿ, ಊಟ ಆಯಿತಾ ಎಂದು ಕೇಳುವುದು. ಟೀವಿಯಲ್ಲಿ ಗಾಜಾದ ಸುದ್ದಿ ದಿನವಿಡೀ ಬರತೊಡಗಿದಾಗ ಅದು ಬೇರೆ ದಾರಿ ಹಿಡಿಯಿತು. ಬಿದ್ದ ಕಟ್ಟಡಗಳು, ಧೂಳು, ಮಕ್ಕಳನ್ನು ಎತ್ತಿಕೊಂಡು ಓಡುವ ಜನ. ಮಾವ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡು ಕೂತರು. "ಇಲ್ಲಿ ರಸ್ತೆ ಇತ್ತು. ನಾನು ಗಾಡಿ ಓಡಿಸ್ತಿದ್ದೆ," ಎಂದರು. ಸ್ವಲ್ಪ ಹೊತ್ತಿಗೆ, "ಕಿತ್ತಳೆ ತೋಟ ಎಲ್ಲಿ ಹೋಯ್ತು?" ನಾನು ಟೀವಿ ಆರಿಸಿದೆ. ಆರಿಸಿದ್ದು ತಡವಾಗಿತ್ತೋ ಏನೋ. ಅವತ್ತು ಸಾಯಂಕಾಲ ಮೊದಲ ಸಲ ಚೀಲ ಕಟ್ಟಿಕೊಂಡು ಗೇಟಿಗೆ ಬಂದು ನಿಂತರು.

ಅಲ್ಲಿಂದ ದಿನಾ ಇದೇ. ಬೈದರೆ ಹೆದರುತ್ತಿದ್ದರು, ಸಮಾಧಾನ ಮಾಡಿದರೆ ಸಿಟ್ಟಾಗುತ್ತಿದ್ದರು. "ಹಡಗು ಇಲ್ಲ ಮಾವ" ಎಂದರೆ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಗಡಿಯಾರದ ಮುಳ್ಳು ನಾಲ್ಕರ ಹತ್ತಿರ ಬಂದರೆ ನಾನು ಅಂಗಡಿ ಮುಚ್ಚಿ ಮನೆಗೆ ಓಡುತ್ತಿದ್ದೆ.

ಒಂದು ದಿನ ಏನೋ ತೋಚಿ, ಹಳೆಯ ಸೈನಿಕ ಹಡಗೊಂದರ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಪ್ರಿಂಟು ತೆಗೆದು ಮನೆಗೆ ತಂದೆ. "ಇದಾ ಮಾವ ನಿಮ್ಮ ಹಡಗು?" ಅವರು ಕಾಗದವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ವಾಪಸ್ ಕೊಟ್ಟರು. "ಇದು ಜೆರಾಕ್ಸ್."

ನನಗೆ ನಗು ಬಂತು. ಆದರೆ ಅವರು ಮಾತು ಮುಂದುವರಿಸಿದರು. ಹಡಗಿನೊಳಗೇ ಒಂದು ಅಂಗಡಿ ಇತ್ತಂತೆ. ಅಲ್ಲಿ ಆ ಹಡಗಿನದ್ದೇ ಚಿತ್ರವಿದ್ದ ಕಾರ್ಡು ಮಾರುತ್ತಿದ್ದರಂತೆ. ಒಂದನ್ನು ಕೊಂಡು ಇವರು ಅಮ್ಮನಿಗೆ ಬರೆದು ಹಾಕಿದ್ದರು. ಅಮ್ಮನಿಗೆ ಓದಲು ಬರದು. ಚಿತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಪಟದ ಪಕ್ಕ ಸಿಕ್ಕಿಸಿದ್ದಳು. ಹಳೆ ಮನೆಯ ಗೋಡೆಗೆ ಗೆದ್ದಲು ಹಿಡಿದಾಗ ದೇವರ ಪಟದ ಜೊತೆ ಅದೂ ಹೋಯಿತು. ಅವತ್ತು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಮಾವ ತಾವಾಗಿಯೇ ಶೂ ಬಿಚ್ಚಿ ಒಳಗೆ ಬಂದರು.

ಹಾಗೆ ನಾನು ನಿಜವಾದ ಕಾರ್ಡು ಹುಡುಕಲು ಶುರು ಮಾಡಿದೆ. ಹಳೆಯ ಕಾರ್ಡು, ಸ್ಟಾಂಪು, ನಾಣ್ಯ ಮಾರುವವರ ಒಂದು ಲೋಕವೇ ಫೋನಿನೊಳಗೆ ಇದೆ ಅಂತ ನನಗೆ ಗೊತ್ತಾಗಿದ್ದು ಆವಾಗ. ಮೊದಲ ಕಾರ್ಡು ಬಂದಾಗ ಎರಡು ರಟ್ಟಿನ ನಡುವೆ ಕೂತಿತ್ತು. ಬಿಳಿ ಹಡಗು, ನಡುವಿಗೆ ನೀಲಿ ಪಟ್ಟೆ, ಹಳದಿ ಚಿಮಣಿ. ಹಿಂದೆ ಯಾವನೋ ಇಂಗ್ಲಿಷ್ ಸಿಪಾಯಿ ತನ್ನ ಅಮ್ಮನಿಗೆ, ಊಟ ಪರವಾಗಿಲ್ಲ, ಸಮುದ್ರ ಶಾಂತವಾಗಿದೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದ. ಮಾವ ಅದನ್ನು ಬೆಳಕಿಗೆ ಹಿಡಿದರು, ಅಂಚು ಸವರಿದರು, ಮೂಗಿನ ಹತ್ತಿರ ತಂದು ಮೂಸಿದರು. ಬಹಳ ಹೊತ್ತು ನೋಡಿ, "ಇದಲ್ಲ ಮಗಾ," ಎಂದರು. ಆದರೆ ಆ ಸಂಜೆ ಗೇಟಿಗೆ ಹೋಗಲಿಲ್ಲ. ನನಗೆ ಬೇಕಾಗಿದ್ದು ಅಷ್ಟೇ.

ಒಂದು ಹೊಸ ಕಾರ್ಡಿಗೆ ಒಂದೆರಡು ಸಂಜೆ ನೆಮ್ಮದಿ. ಆಮೇಲೆ ಅದು ಹಳತಾಗುತ್ತಿತ್ತು. ನಾನು ಇನ್ನೊಂದು ತರಿಸುತ್ತಿದ್ದೆ. ಎರಡು ಚಿಮಣಿಯದು, ಒಂದು ಚಿಮಣಿಯದು, ಕೈಯಲ್ಲಿ ಬಣ್ಣ ತುಂಬಿದ್ದು, ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿದ್ದು, ದಡದಲ್ಲಿ ಬಿಳಿ ಕರವಸ್ತ್ರ ಬೀಸುವ ಹೆಂಗಸರ ಗುಂಪು ಇದ್ದದ್ದು. ಹಡಗಿನ ಬಣ್ಣ ನೋಡಿ ಅದು ಯಾವ ಕಂಪನಿಯದು ಎಂದು ಹೇಳುವುದನ್ನು ಕಲಿತೆ. ಮಾವನದ್ದು ಆಗಿರಲು ಸಾಧ್ಯವೇ ಇಲ್ಲ ಎಂದು ಗೊತ್ತಿದ್ದ, ಅವರು ಹುಟ್ಟುವ ಮೊದಲೇ ಗುಜರಿಗೆ ಹೋಗಿದ್ದ ಹಡಗಿನ ಕಾರ್ಡನ್ನೂ ತರಿಸಿದ್ದೇನೆ, ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ. ಬೆಳಿಗ್ಗೆ ಎದ್ದು ಹಾಲು ಕಾಯಲು ಇಟ್ಟು ಫೋನು ನೋಡುವುದು ಅಭ್ಯಾಸವಾಯಿತು. ಮಳೆಗಾಲ ಬಂದಾಗ ಇನ್ನೊಂದು ಚಿಂತೆ ಸೇರಿಕೊಂಡಿತು. ಚಪ್ಪಲಿಗೂ ಬೆಲ್ಟಿಗೂ ಬೂಸಲು ಹಿಡಿಯುವ ಊರಿನಲ್ಲಿ ಹಳೆಯ ಕಾಗದವನ್ನು ಕಾಯುವುದು ಹೇಗೆ? ಪಕ್ಕದ ಚಪ್ಪಲಿ ಅಂಗಡಿಯವರು ಎಸೆಯುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಕೇಳಿ ತಂದು ಬಿಸ್ಕತ್ ಡಬ್ಬಿಗೆ ಹಾಕಿದೆ. ಆದರೂ ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡದಿದ್ದರೆ ಸಮಾಧಾನ ಇರುತ್ತಿರಲಿಲ್ಲ.

ನನ್ನ ಗಂಡ ಮೊದಲು ಸುಮ್ಮನಿದ್ದರು. ಆಮೇಲೊಂದು ದಿನ ಊಟಕ್ಕೆ ಕೂತಾಗ ಹೇಳಿದರು. "ಅಪ್ಪ ಮರೀಬೇಕಾಗಿರೋದನ್ನ ನೀನು ದಿನಾ ನೆನಪು ಮಾಡ್ತಿದೀಯ ಅನ್ಸಲ್ವಾ ನಿಂಗೆ?"

"ನಾನು ನೆನಪು ಮಾಡದೇ ಇದ್ರೂ ಗೇಟಿಗೆ ಹೋಗ್ತಾರಲ್ರೀ."

"ಮೊದಲು ಬರೀ ಗೇಟು. ಈಗ ಮೂರು ಹೊತ್ತೂ ಹಡಗು."

ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿದುಬಿಟ್ಟಿತು. ಮಡಿಕೇರಿಯ ಡಾಕ್ಟರನ್ನು ಕೇಳಿದರೆ ಅವರು, "ಕೆಲವರಿಗೆ ಒಳ್ಳೇದಾಗ್ತದೆ, ಕೆಲವರಿಗೆ ಆಗಲ್ಲ. ನೀವೇ ನೋಡ್ಕೊಳಿ," ಎಂದುಬಿಟ್ಟರು. ನೋಡಿಕೊಳ್ಳುವುದು ಹೇಗೆ? ಔಷಧಿ ಕೊಡುತ್ತಿದ್ದೇನೋ, ವಿಷ ಹಾಕುತ್ತಿದ್ದೇನೋ, ಯಾರು ಹೇಳಬೇಕು?

ಹಗಲು ಹೊತ್ತಿನಲ್ಲಿ ಮಾವನನ್ನು ಒಬ್ಬರೇ ಬಿಡುವಂತಿರಲಿಲ್ಲ. ಅಂಗಡಿಗೇ ಕರೆದುಕೊಂಡು ಹೋಗಿ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಬಸ್ಸುಗಳನ್ನು ನೋಡುತ್ತ ಕೂರುತ್ತಿದ್ದರು. ಆ ದಿನ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ. ಅಂಗಡಿ ತುಂಬ ಕಾಲೇಜು ಮಕ್ಕಳು. ಮಾವನ ಕೈಗೆ ಹೊಸದಾಗಿ ಬಂದಿದ್ದ ಕಾರ್ಡನ್ನು ಕೊಟ್ಟು ಮೆಷಿನಿನ ಕಡೆ ತಿರುಗಿದ್ದೆ. ಕಾಗದ ಸಿಕ್ಕಿಕೊಂಡಿತು. ಬಿಡಿಸಿ, ಟೋನರ್ ಅಂಟಿದ ಕೈ ಒರೆಸಿಕೊಂಡು ತಲೆಯೆತ್ತಿದರೆ ಕುರ್ಚಿ ಖಾಲಿ.

ಮೊದಲು ಟೀ ಅಂಗಡಿ ನೋಡಿದೆ. ಆಮೇಲೆ ಮೀನು ಮಾರ್ಕೆಟ್ಟಿನ ಕಡೆ ಓಡಿದೆ. ಮನೆ ದಾರಿಯಲ್ಲಿ ಅರ್ಧ ಹೋಗಿ ವಾಪಸ್ ಬಂದೆ. ಹಣ್ಣಿನ ಅಂಗಡಿಯವನು ಹೇಳಿದ, "ಅಜ್ಜ ಮಡಿಕೇರಿ ಬಸ್ ಹತ್ತಿದ್ರಲ್ಲ ಅಕ್ಕಾ. ನೀವು ಕಳಿಸಿದ್ದು ಅಂದ್ಕೊಂಡೆ." ಗಂಡನಿಗೆ ಫೋನು ಮಾಡಿದರೆ ತೋಟದೊಳಗೆ ನೆಟ್‌ವರ್ಕ್ ಇಲ್ಲ. ಅಂಗಡಿಯನ್ನು ಆ ಮಕ್ಕಳ ಕೈಗೇ ಬಿಟ್ಟು ಆಟೋ ಹತ್ತಿದೆ. ರಸ್ತೆಯುದ್ದಕ್ಕೂ ಎರಡೂ ಬದಿಯ ಚರಂಡಿ ನೋಡುತ್ತ ಹೋದೆ. ಬಿಳಿ ಅಂಗಿಯ ಮುದುಕರೆಲ್ಲ ಮಾವನ ಹಾಗೇ ಕಂಡರು. ಯಾವ ಹರಕೆ ಯಾವ ದೇವರಿಗೆ ಹೇಳಿಕೊಂಡೆನೋ ಈಗ ನೆನಪಿಲ್ಲ.

ಮಡಿಕೇರಿ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಾವ ಕೂತಿದ್ದರು. ಮೊಣಕಾಲಿನ ಮೇಲೆ ಕಾರ್ಡು. ಪಕ್ಕದಲ್ಲಿ ಒಬ್ಬ ಕಂಡಕ್ಟರು ಟೀ ತಂದುಕೊಟ್ಟು ನಿಂತಿದ್ದ.

"ನಿಮ್ಮವರಾ? ಆವಾಗಿಂದ ಭಾಗಮಂಡಲ ಬಂದಿಲ್ಲ, ಭಾಗಮಂಡಲ ಬಂದಿಲ್ಲ ಅಂತಾರೆ. ನಾನು, ಈಗ ಬರ್ತದೆ ಅಜ್ಜ, ಬಸ್ ಲೇಟು ಅಂತ ಹೇಳ್ತಾ ಇದೀನಿ."

ಮಾವ ನನ್ನ ಮುಖ ನೋಡಿ ಅದನ್ನೇ ಹೇಳಿದರು. "ಭಾಗಮಂಡಲ ಬಂದಿಲ್ಲ ಮಗಾ." ಕಣ್ಣಲ್ಲಿ ನೀರು ತುಂಬಿತ್ತು. ನಾನು ಅದು ಬಸ್ಸಿನ ಮಾತೇ ಎಂದುಕೊಂಡು, "ನಾಳೆ ಹೋಗೋಣ ಮಾವ" ಎಂದು ಕೈ ಹಿಡಿದು ಎಬ್ಬಿಸಿದೆ.

ಅವತ್ತು ಮನೆಯಲ್ಲಿ ನನ್ನ ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಸ್ಕತ್ ಡಬ್ಬಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದನ್ನ ಅಂಗಡಿಯಲ್ಲಿ ಇಟ್ಕೊ. ಮನೇಲಿ ಬೇಡ," ಎಂದರು. ಗೇಟಿಗೆ ಬೀಗ ತಂದು ಹಾಕಿದರು. ನಾನು ಒಪ್ಪಿಕೊಂಡೆ. ಕಾರ್ಡು ನಿಂತರೆ ಹಡಗೂ ನಿಲ್ಲುತ್ತದೆ ಎಂದು ಇಬ್ಬರೂ ಆಸೆ ಪಟ್ಟೆವು.

ನಿಲ್ಲಲಿಲ್ಲ. ಮಾವ ಬೀಗ ಎಳೆದರು, ಗೇಟು ಅಲ್ಲಾಡಿಸಿದರು, ಕೈ ತರಚಿಕೊಂಡರು. ನೆರೆಮನೆಯವರು ಕಾಂಪೌಂಡಿನ ಮೇಲಿಂದ ನೋಡುವಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ನಾನು ಕೈಗೆ ಮುಲಾಮು ಹಚ್ಚಲು ಹೋದರೆ, "ನನ್ನ ಯಾಕೆ ಹಿಡಿದಿಟ್ಟಿದೀರಿ? ನಾನೇನು ತಪ್ಪು ಮಾಡಿದೀನಿ?" ಎಂದು ಅಪರಿಚಿತಳನ್ನು ಕೇಳುವ ಹಾಗೆ ಕೇಳುತ್ತಿದ್ದರು. ಬೀಗದ ಕೈ ನನ್ನ ಸೊಂಟದಲ್ಲಿ ಇರುತ್ತಿತ್ತು. ರಾತ್ರಿ ಮಲಗಿದಾಗಲೂ ಅದು ಚುಚ್ಚುತ್ತಿತ್ತು.

ಕೊಚ್ಚಿಯಲ್ಲಿ ಒಬ್ಬರು ಹಿರಿಯ ಹೆಂಗಸು ಹಡಗಿನ ಕಾರ್ಡು ಸಂಗ್ರಹಿಸುತ್ತಾರೆ. ನಾವು ಮುಖ ನೋಡಿದವರಲ್ಲ, ಫೋನಿನಲ್ಲೇ ಪರಿಚಯ. ನನ್ನ ಮುರುಕು ಇಂಗ್ಲಿಷಿಗೂ ಅವರ ಮಲಯಾಳ ಬೆರೆತ ಕನ್ನಡಕ್ಕೂ ಹೇಗೋ ಹೊಂದಿಕೊಳ್ಳುತ್ತಿತ್ತು. ಇನ್ನು ಕಾರ್ಡು ಬೇಡ ಎಂದು ತಿಳಿಸಲು ಅವರಿಗೆ ಫೋನು ಮಾಡಿ, ಯಾಕೆ ಎಂದು ಕೇಳಿದಾಗ ಅತ್ತುಬಿಟ್ಟೆ. ಅವರು ಎಲ್ಲ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಹಡಗಿನಲ್ಲಿ ಊಟಕ್ಕೆ ಏನು ಕೊಟ್ಟರಂತೆ?"

ಇದೆಂಥ ಪ್ರಶ್ನೆ ಅನ್ನಿಸಿತು. ಆದರೆ ಮರುದಿನ ಬೆಳಿಗ್ಗೆ, ಮಾವ ಸ್ವಲ್ಪ ತಿಳಿಯಾಗಿರುವ ಹೊತ್ತಿನಲ್ಲಿ ದೋಸೆ ಹಾಕುತ್ತ ಕೇಳಿದೆ. ಮಾವ ನಕ್ಕರು. "ಡಬ್ಬಿಯೊಳಗಿನ ಹಣ್ಣು. ಐಸ್‌ಕ್ರೀಮ್! ಅಮೆರಿಕದವರಲ್ವಾ, ತಟ್ಟೆಗೇ ಹಳ್ಳ ಹಳ್ಳ ಇತ್ತು. ಅನ್ನ ಒಂದು ಹಳ್ಳಕ್ಕೆ, ಐಸ್‌ಕ್ರೀಮ್ ಇನ್ನೊಂದು ಹಳ್ಳಕ್ಕೆ."

ನಾನು ಸೌಟು ಹಿಡಿದು ಹಾಗೇ ನಿಂತೆ. ಅಷ್ಟು ದಿನ ನಾನು ಹುಡುಕುತ್ತಿದ್ದದ್ದು ಬಿಳಿ ಮೈಯ ಬ್ರಿಟಿಷ್ ಹಡಗುಗಳನ್ನು. ಹಿಂದೂಸ್ತಾನದ ಸೈನಿಕರೆಂದರೆ ಅದೇ ಹಡಗು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಕೊಚ್ಚಿಯ ಅಮ್ಮನಿಗೆ ಹೇಳಿದಾಗ ಅವರು, "ಹಾಗಾದರೆ ಬೂದು ಬಣ್ಣ ನೋಡು. ಚಿಮಣಿಗೆ ನೀಲಿ ಮತ್ತು ಬಂಗಾರದ ಬಣ್ಣದ ಪಟ್ಟೆ ಇರಬೇಕು," ಎಂದರು. ತಿಂಗಳು ಕಳೆಯುವುದರೊಳಗೆ ಅವರೇ ಒಂದನ್ನು ಹುಡುಕಿ ಕಳಿಸಿದರು. ಬೂದು ಹಡಗು ಕಟ್ಟೆಗೆ ಒರಗಿ ನಿಂತಿದೆ. ಪಕ್ಕಕ್ಕೆ ಏಣಿ ಇಳಿಬಿಟ್ಟಿದೆ. ಡೆಕ್ಕಿನ ಕಂಬಿಗೆ ಅಂಟಿಕೊಂಡು ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತಲೆಗಳು.

ಕಾರ್ಡನ್ನು ಮನೆಗೆ ಒಯ್ಯುವ ಧೈರ್ಯ ನನಗಿರಲಿಲ್ಲ. ಅಂಗಡಿಯ ಡ್ರಾಯರಿನಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟೆ. ಗಂಡನಿಗೆ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿ, "ನಾನು ಮನೇಲಿ ಇರೋವಾಗ ತೋರಿಸು. ಏನಾದ್ರೂ ಆದ್ರೆ ಇಬ್ಬರೂ ಇರೋಣ," ಎಂದರು.

ಭಾನುವಾರ ಬೆಳಿಗ್ಗೆ ತೋರಿಸಿದೆವು. ಮಾವ ಮೂಸಲಿಲ್ಲ, ಅಂಚು ಸವರಲಿಲ್ಲ. ಬೆರಳನ್ನು ನೇರವಾಗಿ ಏಣಿಯ ಬುಡಕ್ಕೆ ಇಟ್ಟರು. "ಇಲ್ಲಿಂದ ಬರ್ಬೇಕು ಅವನು. ಏಣಿ ಎತ್ತುತ್ತಾರೆ. ಭಾಗಮಂಡಲ ಬಂದಿಲ್ಲ. ಭಾಗಮಂಡಲಾ!" ಎಂದು ಕೂಗಿದರು. ಆ ಕೂಗು ಮುದುಕರದ್ದಾಗಿರಲಿಲ್ಲ.

ಭಾಗಮಂಡಲ ಎಂದರೆ ಬಸ್ಸಲ್ಲ, ಊರಲ್ಲ, ಒಬ್ಬ ಮನುಷ್ಯ. ಊರಿನ ಹೆಸರಿಂದಲೇ ಕರೆಯುತ್ತಿದ್ದ ಒಬ್ಬ ಜೊತೆಗಾರ. ನಾನು ಗಂಡನ ಮುಖ ನೋಡಿದೆ.

"ಆ ಮಾಮ ನನಗೆ ಗೊತ್ತು. ಚಿಕ್ಕವನಿದ್ದಾಗ ನಮ್ಮನೆಗೆ ಬರ್ತಿದ್ರು, ಜೇನು ತರ್ತಿದ್ರು. ಅಪ್ಪನ ಮದುವೆ ಫೋಟೋದಲ್ಲೂ ಇದಾರೆ."

"ಮದುವೆ ಫೋಟೋದಲ್ಲಿ ಇದಾರೆ ಅಂದ್ರೆ ವಾಪಸ್ ಬಂದಿದಾರೆ ತಾನೇ?"

"ಬಂದಿದಾರೆ. ಅಪ್ಪನಿಗೂ ಗೊತ್ತಿತ್ತು."

ಗೊತ್ತಿದ್ದದ್ದೆಲ್ಲ ಅಳಿಸಿಹೋಗಿ, ಏಣಿ ಎತ್ತುವ ಆ ಗಳಿಗೆಯೊಂದೇ ಉಳಿದುಕೊಂಡಿತ್ತು. ನಾನು ಇಷ್ಟು ದಿನ ಮಾವ ತಮ್ಮ ಹಡಗು ತಪ್ಪುತ್ತದೆ ಎಂದು ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ಹಡಗಿನೊಳಗೇ ಇದ್ದರು. ಹೊರಗೆ ಉಳಿದವನಿಗಾಗಿ ಹೆದರುತ್ತಿದ್ದರು.

ಆ ಮಾಮ ಬದುಕಿದ್ದಾರೋ ಇಲ್ಲವೋ ನಮಗೆ ತಿಳಿಯದು. ವರ್ಷಗಳಿಂದ ಹೋಗಿಬರುವುದು ನಿಂತುಹೋಗಿತ್ತು, ಫೋನ್ ನಂಬರೂ ಇರಲಿಲ್ಲ. ಮರುದಿನ ಗಂಡ ರಜೆ ಹಾಕಿ ಮಾವನ ಜೊತೆ ಉಳಿದರು. ನಾನು ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಬಸ್ ಹತ್ತಿದೆ. ಮಡಿಕೇರಿಯಲ್ಲಿ ಬಸ್ ಬದಲಿಸಿ, ಚೆಟ್ಟಿಮಾನಿ ದಾಟುವವರೆಗೂ ಒಂದೇ ಯೋಚನೆ. ತೀರಿಕೊಂಡಿದ್ದರೆ ಮಾವನಿಗೆ ಏನು ಹೇಳಲಿ? ಹೇಳಿದರೆ ಅದು ನೆನಪಿರುತ್ತದೋ, ಅಥವಾ ದಿನಾ ಹೊಸದಾಗಿ ಹೇಳಿ ದಿನಾ ಅಳಿಸಬೇಕೋ?

ಭಾಗಮಂಡಲದಲ್ಲಿ ಹೂ ಮಾರುವವಳನ್ನು ಕೇಳಿದೆ, ಅವಳು ಅಂಗಡಿಯೊಂದನ್ನು ತೋರಿಸಿದಳು, ಅಂಗಡಿಯವನು ದಾರಿ ಹೇಳಿದ. ಮನೆಯ ಮುಂದಿನ ಶೆಡ್ಡಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬರು ಮೊರದಲ್ಲಿ ಏಲಕ್ಕಿ ಆರಿಸುತ್ತ ಕೂತಿದ್ದರು. ನಾನು ಯಾರ ಸೊಸೆ ಎಂದು ಹೇಳಿದೆ. ಕಿವಿ ಮಂದ, ಇನ್ನೊಮ್ಮೆ ಜೋರಾಗಿ ಹೇಳಿದೆ. ಆಮೇಲೆ ಕಾರ್ಡು ಕೊಟ್ಟೆ.

ಅವರು ಅದನ್ನು ನೋಡಿ ಮೊದಲು ಬಾಯ್ತುಂಬ ನಕ್ಕರು. "ಇದೇ! ಇದೇ ನನ್ನನ್ನ ಬಿಟ್ಟು ಹೋದ ಹಡಗು!" ಊರಿಗೆ ವಾಪಸ್ ಬರುವ ದಿನ, ಪೋರ್ಟ್ ಸೈದ್‌ನಲ್ಲಿ ಇವರು ಅಮ್ಮನಿಗೆ ಒಂದು ಹಿತ್ತಾಳೆಯ ಕೆಟಲ್ ತರಲು ಇಳಿದು ಹೋಗಿದ್ದರಂತೆ. ಚೌಕಾಸಿ ಮಾಡುತ್ತ ಗಲ್ಲಿಗಳಲ್ಲಿ ದಾರಿ ತಪ್ಪಿದರು. ಓಡಿ ಬರುವಷ್ಟರಲ್ಲಿ ಹಡಗು ಕಟ್ಟೆ ಬಿಟ್ಟಿತ್ತು. "ನಿಮ್ಮ ಮಾವ ಮೇಲೆ ನಿಂತು ಕೂಗ್ತಾ ಇದ್ದ. ಮುಖ ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ನನಗೆ ಅಲ್ಲಿ ಕೋಣೆಗೆ ಹಾಕಿ ಶಿಕ್ಷೆ ಕೊಟ್ರು. ಮುಂದಿನ ಹಡಗಿಗೆ ಕಳಿಸಿದ್ರು. ನಾನು ಊರಿಗೆ ಬಂದ ಸುದ್ದಿ ಕೇಳಿ ಅವ ಇಲ್ಲೀವರೆಗೆ ಬಂದ. ಇದೇ ಅಂಗಳದಲ್ಲಿ ನನ್ನ ಎರಡೂ ಕೆನ್ನೆಗೆ ಬಾರಿಸಿ, ಆಮೇಲೆ ತಬ್ಬಿಕೊಂಡು ಅತ್ತ."

ನಾನು ಸಾಯಂಕಾಲಗಳ ವಿಷಯ ಹೇಳಿದೆ. ಚೀಲ, ಗೇಟು, ಬೀಗ, ಬಸ್ ಸ್ಟ್ಯಾಂಡು. ಅವರ ನಗು ನಿಧಾನವಾಗಿ ಇಳಿಯಿತು. ಮೊರವನ್ನು ಪಕ್ಕಕ್ಕೆ ಇಟ್ಟರು.

"ಅಯ್ಯೋ, ಅವ ಇನ್ನೂ ನನ್ನನ್ನ ಕಾಯ್ತಾ ಇದ್ದಾನಾ?"

ಆ ವಾರವೇ ಅವರ ಮೊಮ್ಮಗಳು ಕಾರಿನಲ್ಲಿ ಅವರನ್ನು ಸುಂಟಿಕೊಪ್ಪಕ್ಕೆ ಕರೆತಂದಳು. ಮಾವ ಗುರುತು ಹಿಡಿಯುತ್ತಾರೆ, ತಬ್ಬಿಕೊಳ್ಳುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸಿಗೆ ಕೆಟ್ಟದ್ದೇ ತೋಚುತ್ತಿತ್ತು.

ಮಾವ ಗುರುತು ಹಿಡಿಯಲಿಲ್ಲ. ಉಣ್ಣೆ ಟೋಪಿಯ ಮುದುಕರನ್ನು ಕಂಡು ಮರ್ಯಾದೆಯಿಂದ ಎದ್ದು ನಿಂತು ಕೈಮುಗಿದರು, "ಬನ್ನಿ, ಕೂತ್ಕೊಳಿ" ಎಂದರು. ಭಾಗಮಂಡಲದ ಮಾಮ, "ನಾನು ಕಣೋ!" ಎಂದು ಭುಜ ಹಿಡಿದರು. ಮಾವ ಹಿಂದೆ ಸರಿದು ನನ್ನತ್ತ ನೋಡಿದರು. ಇವರು ಯಾರು ಎಂದು ಕಣ್ಣಲ್ಲೇ ಕೇಳಿದರು. ಮಾಮನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಮಾವ ಕಾಯುತ್ತಿದ್ದದ್ದು ಕೆಟಲ್ ಹಿಡಿದು ಓಡಿಬರುವ ಒಬ್ಬ ಹುಡುಗನನ್ನು. ಈ ಮುದುಕರನ್ನಲ್ಲ.

ಕಾಫಿ ಕೊಟ್ಟೆ. ನೆರಳು ಅಂಗಳಕ್ಕೆ ಬಂತು. ಮಾವ ಎದ್ದರು, ಗುಂಡಿ ಹಾಕಿಕೊಂಡರು, ಶೂ ಹುಡುಕತೊಡಗಿದರು. ಆಮೇಲೆ ಅತಿಥಿಯ ಹತ್ತಿರ ಬಂದು, ಮೇಲಧಿಕಾರಿಯನ್ನು ಕೇಳುವ ಹಾಗೆ ನೆಟ್ಟಗೆ ನಿಂತು ಕೇಳಿದರು.

"ಸಾರ್, ನಮ್ಮ ಹುಡುಗ ಒಬ್ಬ ಬರಬೇಕಿತ್ತು. ಭಾಗಮಂಡಲದವನು. ಏಣಿ ಎತ್ತಿಬಿಡ್ತಾರೆ. ನೀವೇನಾದ್ರೂ ನೋಡಿದ್ರಾ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಭಾಗಮಂಡಲದ ಮಾಮ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು. ಅವರೂ ನೆಟ್ಟಗೆ ನಿಂತರು.

"ನೋಡಿದೆ. ಲೇಟಾಗಿ ಬಂದ. ಬೈದೆ. ಮುಂದಿನ ಹಡಗಿಗೆ ನಾನೇ ಹತ್ತಿಸಿದೀನಿ."

"ಹತ್ತಿಸಿದೀರಾ?"

"ಕಣ್ಣಾರೆ ನೋಡಿದೀನಿ. ಕೆಟಲ್ ಸಮೇತ ಹತ್ತಿದ."

ಮಾವ ಉಸಿರು ಬಿಟ್ಟರು. ಅಷ್ಟು ದೊಡ್ಡ ಉಸಿರನ್ನು ಅವರೊಳಗೆ ಎಲ್ಲಿ ಇಟ್ಟುಕೊಂಡಿದ್ದರೋ. ಕುರ್ಚಿಗೆ ಕುಸಿದು ಕೂತು, "ಬಡ್ಡಿಮಗ, ಎಷ್ಟು ಹೆದರಿಸಿಬಿಟ್ಟ," ಎಂದು ನಕ್ಕರು. ಭಾಗಮಂಡಲದ ಮಾಮನೂ ನಕ್ಕರು, ನಗುತ್ತಲೇ ಟೋಪಿ ತೆಗೆದು ಅದರಿಂದ ಕಣ್ಣೊರೆಸಿಕೊಂಡರು. ಅವತ್ತೇ ನನ್ನ ಗಂಡ ಗೇಟಿನ ಬೀಗ ತೆಗೆದರು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈಗ ನಿಶ್ಚಿಂತೆಯಾಗಿ ಇರುತ್ತಿದ್ದೆ. ಮರುದಿನ ಸಂಜೆ ಮಾವ ಮತ್ತೆ ಚೀಲ ಕಟ್ಟಿದರು. ಮುಂದಿನ ಹಡಗಿಗೆ ಹತ್ತಿಸಿದ್ದಾರೆ ಎಂದು ನಾನು ಹೇಳಿದೆ. "ನಿನಗೆ ಹೇಗೆ ಗೊತ್ತು? ನೀನೇನು ಅಲ್ಲಿದ್ಯಾ?" ಎಂದರು. ಭಾಗಮಂಡಲಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಕಡೆಯಿಂದ ಗಟ್ಟಿ ದನಿ ಬಂತು. "ಹತ್ತಿಸಿದೀನಿ! ನಾನೇ ಹತ್ತಿಸಿದೀನಿ!" ಮಾವ ಫೋನಿಗೇ ಸೆಲ್ಯೂಟ್ ಹೊಡೆದು ಒಳಗೆ ಹೋದರು. ಅಂದಿನಿಂದ ದಿನಾ ಸಂಜೆ ಆ ಫೋನು. ಭಾಗಮಂಡಲದ ಮಾಮ ತಮ್ಮ ಏಲಕ್ಕಿ ಕೆಲಸ ಬಿಟ್ಟು ಫೋನಿನ ಪಕ್ಕ ಕಾದು ಕೂರುತ್ತಾರಂತೆ, ಮೊಮ್ಮಗಳು ಹೇಳುತ್ತಾಳೆ.

ಈ ಮಳೆಗಾಲದಲ್ಲಿ ಆ ಕಡೆ ಮರಗಳು ಬಿದ್ದು ಕರೆಂಟು ಹೋಯಿತು, ಟವರೂ ಸತ್ತಿತು. ಹೊಳೆ ಉಕ್ಕಿ ರಸ್ತೆಗೆ ಬಂದಿದೆ ಎಂದು ಬಸ್ಸಿನವರು ಹೇಳಿದರು. ಸಂಜೆಯಾದರೆ ನಾನು ನಂಬರು ಒತ್ತುತ್ತಿದ್ದೆ. ಸಂಪರ್ಕಿಸಲು ಸಾಧ್ಯವಾಗುತ್ತಿಲ್ಲ ಎಂಬ ಹೆಣ್ಣು ದನಿ. ಮಾವ ಶೂ ಹಾಕಿಕೊಂಡು ಮಳೆಗೇ ಹೊರಡುತ್ತಿದ್ದರು. ನಾನು ಕೊಡೆ ಹಿಡಿದು ಜೊತೆಗೆ ರಸ್ತೆಯ ತಿರುವಿನವರೆಗೆ ನಡೆದು, ಅವರಿಗೆ ಸಮಾಧಾನವಾದ ಮೇಲೆ ಕೈಹಿಡಿದು ಕರೆತರುತ್ತಿದ್ದೆ. ನನಗೆ ಮಾವನ ಚಿಂತೆಗಿಂತ ಆ ಉಣ್ಣೆ ಟೋಪಿಯವರ ಚಿಂತೆ. ಅವರಿಗೂ ವಯಸ್ಸಾಗಿದೆ. ಶೀತ ಹಿಡಿದರೆ? ಜಾರಿ ಬಿದ್ದರೆ? ಈಗ ಕಾಯುವವಳು ನಾನಾಗಿದ್ದೆ.

ಮಳೆ ಸ್ವಲ್ಪ ಹೊಳವಾದ ದಿನ ಮಾವ ಗೇಟಿನಲ್ಲಿ ನಿಂತಿದ್ದಾಗ, ಆಸೆಯಿಲ್ಲದೆ ಇನ್ನೊಮ್ಮೆ ಒತ್ತಿದೆ. ರಿಂಗಾಯಿತು. ಎಷ್ಟೋ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೆ ಕೆಮ್ಮು ಕೇಳಿತು, ಉದ್ದನೆಯ ಕೆಮ್ಮು, ಆಮೇಲೆ ದನಿ.

"ಎಲ್ಲಿ, ಅವನಿಗೆ ಕೊಡು."

ನಾನು ಅಂಗಳ ದಾಟಿ ಓಡಿದೆ.